ಬಂದ ನೀರಿಗೇ ಮರಳಿಸುವ ನಿಯಮ: ಶಾರ್ಕ್ ಮೀನಿನ ಕೊಳವನ್ನು ಕುರಿತು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯ ಶ್ರಾವಕನಿಗೆ ಕಡಲು ದೂರದ ಮಾತು. ಆದರೂ ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವ ಹವ್ಯಾಸ ಈಗ ಪೇಟೆಯ ಮನೆಗಳಿಗೆ ಬಂದಿದೆ. ಪ್ರವಾಸದಲ್ಲಿ ದೊಡ್ಡ ಮತ್ಸ್ಯಾಲಯಗಳನ್ನು ಕಂಡುಬಂದ ಮಕ್ಕಳು ಶಾರ್ಕ್ ಮೀನನ್ನೇ ಬೇಡುತ್ತಾರೆ. ಹಣವುಳ್ಳ ತಂದೆ ಇಲ್ಲವೆನ್ನುವುದಕ್ಕೆ ಮೊದಲು ಅಂತಹ ಕೊಳವೆಂದರೇನು, ಅದು ಅಣುವ್ರತಗಳಿಗೆ ಹೇಗೆ ತಾಗುತ್ತದೆ ಎಂಬುದನ್ನು ವಿಚಾರಿಸುವುದು ಯೋಗ್ಯ.

ಈ ವಿಚಾರಕ್ಕೆ ಬೇಕಾದ ಅಳತೆಗೋಲು ಶ್ರಾವಕನ ಅಡಿಗೆಮನೆಯಲ್ಲೇ ಇದೆ. ಹಿರಿಯರು ಬಾವಿಯ ನೀರನ್ನು ದಪ್ಪ ಬಟ್ಟೆಯಲ್ಲಿ ಸೋಸುತ್ತಿದ್ದರು. ಸೋಸಿದಲ್ಲಿಗೆ ವ್ರತ ಮುಗಿಯುತ್ತಿರಲಿಲ್ಲ. ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು ಸೋಸಿದ ನೀರಿನಿಂದಲೇ ತೊಳೆದು, ಅವು ಯಾವ ಬಾವಿಯಿಂದ ಬಂದವೋ ಅದೇ ಬಾವಿಗೆ ಮೆಲ್ಲನೆ ಇಳಿಸುತ್ತಿದ್ದರು. ಬೇರೊಂದು ಬಾವಿಗೆ ಸುರಿದರೆ ದೋಷವೆಂದೇ ಎಣಿಕೆ. ಒಂದು ನೀರಿನ ಜೀವ ಇನ್ನೊಂದು ನೀರಿನಲ್ಲಿ ಬದುಕೀತೆಂಬ ಭರವಸೆಯಿಲ್ಲ. ಕಣ್ಣಿಗೆ ಕಾಣದ ಜೀವಕ್ಕೇ ಇಷ್ಟು ಎಚ್ಚರವಿರುವಾಗ, ಐದು ಇಂದ್ರಿಯಗಳುಳ್ಳ ಜಲಚರದ ವಿಷಯದಲ್ಲಿ ಎಷ್ಟಿರಬೇಕು?

ಕಡಲಿಲ್ಲದ ಊರಿನಲ್ಲಿ ಕಡಲನ್ನು ಕಟ್ಟಬೇಕಾದರೆ ಮೊದಲು ನೀರನ್ನು ತಯಾರಿಸಬೇಕು. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. 50,000 ಲೀಟರಿನ ಕೊಳಕ್ಕೆ ಹದಿನೇಳೂವರೆ ಕ್ವಿಂಟಾಲ್ ಲವಣಮಿಶ್ರಣ ಬೇಕೆಂದಾಯಿತು. ಶಾರ್ಕ್ ಮೀನಿಗೆ ಇದು ದೊಡ್ಡ ಕೊಳವೂ ಅಲ್ಲ. ಮೀನು ವಿಸರ್ಜಿಸುವ ಅಮೋನಿಯ ಅದಕ್ಕೇ ವಿಷ. ಅದನ್ನು ನೈಟ್ರೈಟ್, ನೈಟ್ರೇಟ್‌ಗಳಾಗಿ ಮಾರ್ಪಡಿಸುವ ಬ್ಯಾಕ್ಟೀರಿಯಗಳು ಶೋಧಕದಲ್ಲಿ ನೆಲೆಗೊಳ್ಳಲು ವಾರಗಳು ಹಿಡಿಯುತ್ತವೆ. ಅನಂತರವೂ ನೈಟ್ರೇಟ್ ಉಳಿಯುವುದರಿಂದ ಆಗಾಗ ನೀರನ್ನು ಬದಲಿಸಬೇಕು. ನೀರಿನ ಬಣ್ಣ, ವಾಸನೆಗಳನ್ನು ಹೀರಲು ಬಳಸುವ ಇದ್ದಲನ್ನು ತೆಂಗಿನ ಕರಟದಿಂದಲೂ ಮಾಡುತ್ತಾರೆ. ತೆಂಗಿನ ಸೀಮೆಗೂ ಆ ಕೊಳಕ್ಕೂ ಇರುವ ನಂಟು ಬಹುಶಃ ಇದೊಂದೇ! ಪಂಪು ನಿಂತರೆ ನೀರಿನ ಆಮ್ಲಜನಕ ಕುಸಿಯುತ್ತದೆ. ವಿದ್ಯುತ್ತು ಹೋದ ಒಂದು ರಾತ್ರಿಯೇ ಸಾಕು.

ಜೀವರಾಶಿಗೆ ಇದರಿಂದಾಗುವ ಕಷ್ಟ ಈ ಖರ್ಚಿಗಿಂತ ದೊಡ್ಡದು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಹೇಳುವಾಗ ಬಂಧವನ್ನೇ ಮೊದಲಿಗಿಡುತ್ತದೆ. ವಧ, ಛೇದ, ಅತಿಭಾರಾರೋಪಣಗಳ ಬಳಿಕ ಅನ್ನಪಾನನಿರೋಧ ಬರುತ್ತದೆ. ಕೆಲವು ಜಾತಿಯ ಶಾರ್ಕುಗಳು ಈಜುತ್ತಲೇ ಇದ್ದರೆ ಮಾತ್ರ ಕಿವಿರುಗಳಿಗೆ ನೀರು ಹರಿದು ಉಸಿರಾಡುತ್ತವೆ. ಅಂಥವನ್ನು ಗೋಡೆಗಳ ನಡುವೆ ಇಡುವುದು ಬಂಧವಲ್ಲದೆ ಮತ್ತೇನು? 2016ರ ಜನವರಿಯಲ್ಲಿ ಜಪಾನಿನ ಓಕಿನಾವದ ಚುರೌಮಿ ಮತ್ಸ್ಯಾಲಯವು ಬಲೆಗೆ ಬಿದ್ದ ಸುಮಾರು ಮೂರೂವರೆ ಮೀಟರ್ ಉದ್ದದ ಬಿಳಿ ಶಾರ್ಕನ್ನು ಕೊಳಕ್ಕಿಳಿಸಿತು. ತಜ್ಞರಿದ್ದರು, ಸಲಕರಣೆಗಳಿಗೆ ಕೊರತೆಯಿರಲಿಲ್ಲ. ಆದರೂ ಅದು ಆಹಾರ ಮುಟ್ಟದೆ ಮೂರನೆಯ ದಿನಕ್ಕೆ ಸತ್ತಿತು. ಉಪವಾಸದ ಮಹಿಮೆಯನ್ನು ಬಲ್ಲವರು ಇಲ್ಲಿ ತಪ್ಪು ತಿಳಿಯಬಾರದು. ಉಪವಾಸವು ಸ್ವಂತ ಇಚ್ಛೆಯಿಂದ ಆಹಾರವನ್ನು ಬಿಟ್ಟು ಆತ್ಮನ ಸಮೀಪದಲ್ಲಿ ನೆಲೆಸುವುದು. ಸೆರೆಯ ಭಯದಿಂದ ಬಾಯಿ ಮುಚ್ಚಿದ ಪ್ರಾಣಿಯದು ತಪಸ್ಸಲ್ಲ. ಅದನ್ನು ಹಿಡಿದಿಟ್ಟವನಿಗೆ ಅನ್ನಪಾನನಿರೋಧದ ದೋಷವಿದೆ.

ತಿಂದರೂ ದೋಷ ತಪ್ಪದು. ಕೊಳದ ಶಾರ್ಕಿಗೆ ಕೊಂದ ಮೀನನ್ನೇ ಕೊಂಡು ತಂದು, ಕತ್ತರಿಸಿ ಹಾಕಬೇಕು. ಬೇಳೆಕಾಳು ತಿನ್ನುವ ಮನೆಯೊಂದು ಹೀಗೆ ಮೀನುಪೇಟೆಯ ಗಿರಾಕಿಯಾಗುತ್ತದೆ. ಕೃತ, ಕಾರಿತ, ಅನುಮೋದಿತಗಳಲ್ಲಿ ಯಾವುದನ್ನು ತಾನೇ ಇದು ಬಿಟ್ಟೀತು? ಆಶಾಧರರ ಸಾಗಾರಧರ್ಮಾಮೃತದಲ್ಲಿ ಶ್ರಾವಕನಿಗೆ ವರ್ಜ್ಯವಾದ ಖರಕರ್ಮಗಳಲ್ಲಿ ಅಸತೀಪೋಷವೂ ಒಂದು. ಪ್ರಾಣಿಘಾತಕ ಪ್ರಾಣಿಗಳನ್ನು ಸಾಕುವುದೆಂದು ಅದರರ್ಥ. ಶಾರ್ಕನ್ನು ನಿಂದಿಸಲು ಇದನ್ನು ಹೇಳಿದ್ದಲ್ಲ. ಅದು ತನ್ನ ಕರ್ಮೋದಯಕ್ಕೆ ತಕ್ಕಂತೆ ಬದುಕುವ ತಿರ್ಯಂಚ. ಕಡಲಿನಲ್ಲಿ ಅದರ ಬೇಟೆಗೆ ಯಾವ ಶ್ರಾವಕನೂ ಹೊಣೆಯಲ್ಲ. ಸಾಕಿದ ದಿನದಿಂದ ಹೊಣೆ ತಪ್ಪದು. ಗಾಜಿನ ಈಚೆ ನಿಂತು ಮೀನು ಮೀನನ್ನು ಸೀಳುವುದನ್ನು ಕಂಡು ಹಿಗ್ಗುವವರು ತಂದುಲಮತ್ಸ್ಯದ ಕಥೆಯನ್ನು ನೆನೆಯಬೇಕು. ಮಹಾಮತ್ಸ್ಯದ ಕಿವಿಯಲ್ಲಿದ್ದ ಅಕ್ಕಿಕಾಳಿನಷ್ಟರ ಆ ಮೀನು ಒಂದು ಜೀವವನ್ನೂ ತಿನ್ನಲಿಲ್ಲ. ಬರಿಯ ಸಂಕಲ್ಪದಿಂದಲೇ ಏಳನೆಯ ನರಕಕ್ಕಿಳಿಯಿತು.

ಇದಕ್ಕೆ ಪ್ರತಿಯಾಗಿ ಸೋಮದೇವಸೂರಿಗಳು 959ರಲ್ಲಿ ಮುಗಿಸಿದ ಯಶಸ್ತಿಲಕ ಚಂಪುವಿನಲ್ಲಿ ಮೃಗಸೇನನೆಂಬ ಬೆಸ್ತನ ಕಥೆಯಿದೆ. ಮುನಿಗಳು ಅವನಿಗೆ ಕೊಟ್ಟ ವ್ರತ ಚಿಕ್ಕದು: ಬಲೆಗೆ ಮೊದಲು ಬಿದ್ದ ಮೀನನ್ನು ಬಿಟ್ಟುಬಿಡುವುದು. ಗುರುತು ಮಾಡಿ ಬಿಟ್ಟ ಮೀನೇ ಅಂದು ಐದು ಸಲವೂ ಸಿಕ್ಕಿತು. ಅವನು ಐದು ಸಲವೂ ಅದನ್ನು ನೀರಿಗೆ ಬಿಟ್ಟು ಬರಿಗೈಯಲ್ಲಿ ಮನೆಗೆ ಬಂದ. ಇದು ಪುರಾಣದ ಮಾತಾಯಿತೆನ್ನುವವರು ಗುಜರಾತಿನ ಕರಾವಳಿಯನ್ನು ನೋಡಲಿ. ಅಲ್ಲಿ ತಿಮಿಂಗಿಲ ಶಾರ್ಕ್‌ಗಳನ್ನು ಕೊಲ್ಲುತ್ತಿದ್ದರು. 2001ರಲ್ಲಿ ಆ ಮೀನಿಗೆ ವನ್ಯಜೀವಿ ಕಾಯಿದೆಯ ರಕ್ಷಣೆ ದೊರೆಯಿತು. 2004ರಿಂದ ನಡೆದ ಜಾಗೃತಿಕಾರ್ಯದಲ್ಲಿ ಮೊರಾರಿ ಬಾಪು ಅವರು ಅದನ್ನು ತವರಿಗೆ ಹೆರಿಗೆಗೆ ಬರುವ ಮಗಳಿಗೆ ಹೋಲಿಸಿದರು. ಬಳಿಕ ಬೆಸ್ತರು ತಮ್ಮ ಬಲೆಯನ್ನೇ ಕತ್ತರಿಸಿ ನೂರಾರು ಮೀನುಗಳನ್ನು ಕಡಲಿಗೆ ಬಿಟ್ಟಿದ್ದಾರೆ. ಬಲೆಯೇ ಜೀವನೋಪಾಯವಾದವರು ಅದನ್ನು ಕತ್ತರಿಸಿದರು. ಕೊಬ್ಬರಿ ವ್ಯಾಪಾರದ ಮನೆಗೆ ಒಂದು ಹವ್ಯಾಸವನ್ನು ಬಿಡುವುದು ಅಷ್ಟು ಕಷ್ಟವಾಗಲಾರದು.

ಈಗಾಗಲೇ ಮನೆಯಲ್ಲಿ ಮೀನಿರುವವರ ಪ್ರಶ್ನೆ ಉಳಿಯಿತು. ಅಂಗಡಿಗಳಲ್ಲಿ ಶಾರ್ಕ್ ಎಂದು ಮಾರುವ ಬೆಳ್ಳಿಬಣ್ಣದ ಚಿಕ್ಕ ಮೀನು ಹಲವು ವೇಳೆ ಶಾರ್ಕೇ ಅಲ್ಲ. ಮೆಕಾಂಗ್ ನದಿಯ ಸಿಹಿನೀರಿನ ಮೀಸೆಮೀನು. ಬೆರಳುದ್ದದ ಅದು ಒಂದು ಮೀಟರಿಗೂ ಮೀರಿ ಬೆಳೆಯಬಲ್ಲುದು. ತೊಟ್ಟಿ ಸಾಲದಾದಾಗ ದಯೆಯೆಂದು ಬಗೆದು ಅದನ್ನು ಊರಕೆರೆಗೆ ಬಿಡುವವರುಂಟು. ಆ ಕೆರೆ ಅದು ಬಂದ ನೀರಲ್ಲ; ಅಲ್ಲಿಯ ಮೀನುಗಳ ಆಹಾರಕ್ಕೂ ಮರಿಗಳಿಗೂ ಅದರಿಂದ ಕೇಡಾಗಬಹುದು. ಬಾವಿ ಬದಲಿಸಿ ಬಟ್ಟೆ ತೊಳೆದಂತೆಯೇ ಇದೂ. ತಂದ ಮೀನನ್ನು ವಿಶಾಲವಾದ ತೊಟ್ಟಿಯಲ್ಲಿ ಅದರ ಆಯುಷ್ಯ ಮುಗಿಯುವವರೆಗೆ ಕಾಪಾಡುವುದು ಗೃಹಸ್ಥನ ಕರ್ತವ್ಯ. ಸಸ್ಯವನ್ನೂ ತಿನ್ನುವ ಜಾತಿಯಾದ್ದರಿಂದ ಬೇಯಿಸಿದ ಬಟಾಣಿ, ಸೊಪ್ಪುಗಳನ್ನು ಅಭ್ಯಾಸ ಮಾಡಿಸಬಹುದು. ಅದು ತೀರಿದ ಮೇಲೆ ಮತ್ತೊಂದನ್ನು ತರುವುದಿಲ್ಲವೆಂಬ ನಿಯಮವನ್ನು ಈ ಚಾತುರ್ಮಾಸದಲ್ಲಿ, ಮೀನನ್ನು ಬೇಡಿದ ಮಕ್ಕಳನ್ನೇ ಪಕ್ಕದಲ್ಲಿ ಕೂರಿಸಿಕೊಂಡು, ಬಸದಿಯಲ್ಲಿ ಸ್ವೀಕರಿಸಬಹುದು.