ಅಪ್ಪನ ಪರವಾಗಿ ಒಂದು ಸಹಿ

ಲಕ್ವ ಹೊಡೆದು ಮಾತು ನಿಂತ ಅಪ್ಪನ ಪಕ್ಕದಲ್ಲಿ ನೀವಿದ್ದೀರಿ ಎಂದುಕೊಳ್ಳಿ. ಮೆದುಳಿಗಾಗುವ ಹಾನಿಯನ್ನು ತಡೆಯಬಹುದಾದ ಹೊಸ ಔಷಧಿಯೊಂದು ಪರೀಕ್ಷೆಯಲ್ಲಿದೆ, ಒಪ್ಪಿ ಸಹಿ ಹಾಕುತ್ತೀರಾ ಎಂದು ವೈದ್ಯರು ಕೇಳುತ್ತಾರೆ. ರಕ್ತ ಸಿಗದ ಮೆದುಳಿನಲ್ಲಿ ನಿಮಿಷಕ್ಕೆ ಲಕ್ಷಾಂತರ ಜೀವಕೋಶಗಳು ಸಾಯುತ್ತಿರುತ್ತವೆ. ಯೋಚಿಸಲು ಸಮಯವೆಲ್ಲಿ?

ಎನ್‌ಎಕ್ಸ್‌ವೈ-059 ಎಂಬ ಔಷಧಿಯನ್ನೇ ನೋಡಿ. ಸುಮಾರು 1,700 ರೋಗಿಗಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅದು ಅಂಗವೈಕಲ್ಯವನ್ನು ತುಸು ತಗ್ಗಿಸಿದಂತೆ ಕಂಡಿತು. 3,000ಕ್ಕೂ ಹೆಚ್ಚು ಮಂದಿಯ ಮೇಲಿನ ಎರಡನೆಯ ಪರೀಕ್ಷೆಯ ವರದಿ 2007ರಲ್ಲಿ ಬಂತು: ಪ್ರಯೋಜನವಿಲ್ಲ. ಇಲಿಗಳಲ್ಲಿ ಗೆದ್ದು ಮನುಷ್ಯರಲ್ಲಿ ಸೋತ ಇಂಥ ಔಷಧಿಗಳು ಹಲವು. ಇವೆರಡರಲ್ಲೂ ಅರ್ಧದಷ್ಟು ರೋಗಿಗಳಿಗೆ ಕೊಟ್ಟದ್ದು ಔಷಧಿಯೇ ಇಲ್ಲದ ದ್ರವ.

ಹಾಗಾದರೆ ಸಹಿ ಹಾಕುವುದು ತಪ್ಪೇ? ಅಲ್ಲ. ಆ ಸಾವಿರಾರು ಮಂದಿ ಒಪ್ಪದಿದ್ದರೆ ಸತ್ಯ ತಿಳಿಯುತ್ತಲೇ ಇರಲಿಲ್ಲ. ಆದರೆ ಅದು ದಾನ. ಕೊಡುವ ದೇಹ ಅಪ್ಪನದು, ನಿಮ್ಮದಲ್ಲ. ರೋಗಿಯ ಅಥವಾ ಅವನ ಪರವಾಗಿ ನ್ಯಾಯವಾಗಿ ಮಾತನಾಡುವವರ ತಿಳಿವಳಿಕೆಯ ಒಪ್ಪಿಗೆ ಬೇಕೆನ್ನುತ್ತದೆ ಧರ್ಮಸಭೆಯ 1992ರ ಧರ್ಮೋಪದೇಶ ಗ್ರಂಥ. ‘ಅವನ ಪರವಾಗಿ’! ನಿಮ್ಮ ಹೆದರಿಕೆಯ ಪರವಾಗಿ ಅಲ್ಲ. ಅಪ್ಪ ಏನೆನ್ನುತ್ತಿದ್ದರು? ಹೆಪ್ಪು ಕರಗಿಸುವ ಸಾಬೀತಾದ ಚಿಕಿತ್ಸೆಗೆ ಇದರಿಂದ ತಡವಾಗುತ್ತದೆಯೇ? ಕೇಳಿ. ಬೇಡವೆಂದರೂ ಉಳಿದ ಆರೈಕೆ ನಿಲ್ಲಕೂಡದು. ನಿಲ್ಲುತ್ತದೆಂದು ಯಾರಾದರೂ ಸೂಚಿಸಿದರೆ ಆ ಕಾಗದವನ್ನು ಮುಟ್ಟಲೇಬೇಡಿ.