ಗುರುತು ಹಿಡಿಯದ ತಾಯಿ



ಹೆತ್ತ ತಾಯಿಯೇ ನಿಮ್ಮ ಮುಖ ನೋಡಿ "ನೀನು ಯಾರಮ್ಮ?" ಎಂದು ಕೇಳಿದರೆ ದೇವರ ನಾಲ್ಕನೆಯ ಕಟ್ಟಳೆ ಅಲ್ಲಿಗೆ ಮುಗಿಯಿತೇ? ಚೀನಾ ದೇಶದ ಲಕ್ಷಾಂತರ ಮನೆಗಳಲ್ಲಿ ಇಂದು ಈ ಪ್ರಶ್ನೆ ಎದ್ದಿದೆ. ಅಲ್ಲಿ ಅರುವತ್ತು ದಾಟಿದವರಲ್ಲಿ ಸುಮಾರು ಒಂದೂವರೆ ಕೋಟಿ ಜನರಿಗೆ ಡಿಮೆನ್ಷಿಯ, ಅಂದರೆ ಮರೆವಿನ ಕಾಯಿಲೆ, ಇದೆಯೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ಹೆಚ್ಚಿನವರನ್ನು ನೋಡಿಕೊಳ್ಳುವವರು ಮನೆಯವರೇ. ಈ ಕಾಯಿಲೆಗೆ ಚೀನೀ ಭಾಷೆಯಲ್ಲಿ ರೂಢಿಯಾಗಿರುವ ಹೆಸರಿಗೆ ಪೆದ್ದುತನವೆಂಬ ಅರ್ಥವಿದೆ. ನಾಚಿಕೆಯಿಂದ ಹಲವರು ಹೊರಗೆ ಹೇಳಿಕೊಳ್ಳುವುದೇ ಇಲ್ಲ. ("ಅರುವತ್ತಕ್ಕೆ ಅರಳುಮರಳು" ಎಂದು ನಗುವ ನಾವೂ ಕಡಮೆಯೇನಲ್ಲ.)

ತಂದೆತಾಯಿಯರ ಸೇವೆಯನ್ನು ಚೀನೀಯರು 'ಶಿಯಾವ್' ಎನ್ನುತ್ತಾರೆ. ಆ ಅಕ್ಷರವನ್ನು ಬರೆಯುವಾಗ ಮೇಲೆ ಮುದುಕ, ಕೆಳಗೆ ಮಗು. ಮಗು ಮುದುಕನನ್ನು ಹೊತ್ತಂತೆ. ಕನ್‌ಫ್ಯೂಷಿಯಸ್ ಈ ಬಗ್ಗೆ ಶಿಷ್ಯನೊಬ್ಬನಿಗೆ ಹೇಳಿದ್ದು ನನಗೆ ಬಹಳ ಹಿಡಿಸುತ್ತದೆ. ಹಿರಿಯರಿಗೆ ಊಟ ಬಡಿಸುವುದು, ಕೆಲಸ ಮಾಡಿಕೊಡುವುದು ದೊಡ್ಡದಲ್ಲ, ಕಷ್ಟವಿರುವುದು ನಮ್ಮ ಮುಖಭಾವದಲ್ಲಿ ಎಂಬುದು ಅವರ ಅಭಿಪ್ರಾಯ. ಮರೆವಿನ ರೋಗಿಯ ಶುಶ್ರೂಷೆ ಮಾಡಿದವರಿಗೆ ಇದು ಗೊತ್ತು. ಮಗಳ ಹೆಸರು ಮರೆತ ತಾಯಿ, ಅವಳ ಮುಖದ ಸಿಡುಕನ್ನು ಮಾತ್ರ ಕೂಡಲೇ ಓದಿಬಿಡುತ್ತಾಳೆ.

ನಿನ್ನೆಯ ಮನುಷ್ಯನೇ ಇಂದಿನವನು ಎನ್ನಲು ನೆನಪೇ ಆಧಾರವೆಂದು ದಾರ್ಶನಿಕ ಜಾನ್ ಲಾಕ್ ವಾದಿಸಿದರು. ಸೆಮಿನರಿಯಲ್ಲಿ ಓದುವಾಗ ಅದು ಜಾಣ ವಾದವೆನಿಸುತ್ತದೆ; ರೋಗಿಯ ಹಾಸಿಗೆಯ ಬಳಿ ನಿಲ್ಲುವುದಿಲ್ಲ. ಅವಳು ತನ್ನನ್ನೇ ಮರೆತರೂ ಅವಳನ್ನು ರೂಪಿಸಿದ ದೇವರು ಮರೆತಿಲ್ಲ. ತಂದೆಯ ಬುದ್ಧಿ ಕುಂದಿದರೂ ಮಗ ತಾಳ್ಮೆಯಿಂದಿರಬೇಕೆಂದು ಸಿರಾಖನ ಗ್ರಂಥದ 3ನೆಯ ಅಧ್ಯಾಯ ತಿಳಿಸುತ್ತದೆ. ಋಣ ಉಳಿದೇ ಇದೆ.

ಆದರೆ ಅದನ್ನು ಯಾರ ಹೆಗಲಿಗೆ ಹೊರಿಸುತ್ತೇವೆ? ಒಂದೇ ಮಗುವಿನ ನೀತಿ 2015ರವರೆಗೆ ನಡೆದ ಆ ದೇಶದ ನಗರಗಳಲ್ಲಿ ಅನೇಕ ದಂಪತಿಗಳ ಮೇಲೆ ನಾಲ್ವರು ವೃದ್ಧರ ಭಾರವಿದೆ. ತಾಯಿ ಎದ್ದು ಹೊರಟುಹೋದಾಳೆಂದು ರಾತ್ರಿಯಿಡೀ ಬಾಗಿಲು ಕಾಯ್ದು ಬೆಳಗ್ಗೆ ಕೆಲಸಕ್ಕೆ ಓಡುವ ಒಬ್ಬಳೇ ಮಗಳಿಗೆ ಹಸನ್ಮುಖ ಎಲ್ಲಿಂದ ಬರಬೇಕು? ಕೊನೆಗೆ ಅವಳು ತಾಯಿಯನ್ನು ವೃದ್ಧಾಶ್ರಮಕ್ಕೆ ಸೇರಿಸಿದರೆ ನೆಂಟರು 'ಶಿಯಾವ್' ಇಲ್ಲದವಳೆಂದು ಆಡಿಕೊಳ್ಳುತ್ತಾರೆ. ಅವರಲ್ಲಿ ಎಷ್ಟು ಮಂದಿ ಒಂದು ರಾತ್ರಿಯಾದರೂ ಬಂದು ಕೂತಿದ್ದರು? ಅವಳು ಮಾಡಿದ್ದು ಪಾಪವೆಂದು ನಾನಂತೂ ಹೇಳಲಾರೆ. ಬಿಡುವಿನ ದಿನ, ನಿದ್ದೆ ಕಂಡ ಕಣ್ಣುಗಳಿಂದ ಹೋಗಿ, ಕೈಯಾರೆ ಗಂಜಿ ಕುಡಿಸಿ, ಅದೇ ಪ್ರಶ್ನೆಗೆ ಹತ್ತನೆಯ ಸಲವೂ ನಗುತ್ತಲೇ ತನ್ನ ಹೆಸರು ಹೇಳುವವಳು ಕಟ್ಟಳೆ ಮುರಿದವಳಲ್ಲ.