‘ದೇವರ ಕಣ್ಣು’ ಫಾರ್ವರ್ಡ್ ಮಾಡುವ ಮೊದಲು

 

ನಮ್ಮಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿಯಿಂದ ಓದೋಕೆ, ಕೆಲಸಕ್ಕೆ ಅಂತ ಬೆಂಗಳೂರಿಗೆ ಬಂದವರು ಬಹಳ ಜನ ಇದ್ದೀರಿ. ನಿಮಗೆಲ್ಲ ಜೋಗ ಗೊತ್ತು. 253 ಮೀಟರ್ ಎತ್ತರದಿಂದ ಶರಾವತಿ ನಾಲ್ಕು ಧಾರೆಯಾಗಿ ಬೀಳ್ತಾಳೆ. ಗಂಭೀರವಾಗಿ ನೇರ ಇಳಿಯೋದು ರಾಜ, ಬಳುಕಿ ಇಳಿಯೋದು ರಾಣಿ, ಅಬ್ಬರಿಸೋದು ರೋರರ್, ಚಿಮ್ಮೋದು ರಾಕೆಟ್. ಈ ಹೆಸರುಗಳನ್ನು ನೀರು ಇಟ್ಟುಕೊಂಡಿಲ್ಲ, ನೋಡಿದ ಮನುಷ್ಯ ಇಟ್ಟ. ಬೇಸಿಗೆಯಲ್ಲಿ ನೀರು ಬತ್ತಿದಾಗ ಹೋಗಿ ನೋಡಿ, ರಾಣಿಯ ಬಳುಕೂ ಇಲ್ಲ, ರಾಕೆಟ್ಟಿನ ಚಿಮ್ಮೂ ಇಲ್ಲ, ಹೆಚ್ಚುಕಡಿಮೆ ಬರೀ ಬಂಡೆ. ಹಾಗಂತ ಜೋಗ ಸುಳ್ಳಾ? ಅಲ್ಲ. ನೀರು ನಿಜ, ಬಂಡೆ ನಿಜ. ರಾಜ, ರಾಣಿ ಅನ್ನೋದು ನಾವು ಕೊಟ್ಟ ರೂಪ.

ಈ ವ್ಯತ್ಯಾಸ ಮನಸ್ಸಿನಲ್ಲಿಟ್ಟುಕೊಂಡು ಒಂದು ಪ್ರಶ್ನೆ ಕೇಳಿ. ನಮ್ಮ ಯೂತ್ ಗ್ರೂಪಿನ ಒಬ್ಬ ತಂಗಿಯ ಅಮ್ಮನಿಗೆ ಊರಲ್ಲಿ ಹುಷಾರಿಲ್ಲ. ಅವಳ ಮೊಬೈಲಿಗೆ ಒಂದು ಚಿತ್ರ ಬಂತು. ಕತ್ತಲ ಆಕಾಶದಲ್ಲಿ ನೀಲಿ ಪಾಪೆ, ಕೆಂಪು ರೆಪ್ಪೆಯ ದೊಡ್ಡ ಕಣ್ಣು. ಕೆಳಗೆ, ಇದು ದೇವರ ಕಣ್ಣು, ಮೂರು ಸಾವಿರ ವರ್ಷಕ್ಕೊಮ್ಮೆ ಕಾಣುತ್ತೆ, ಬೇರೆಯವರಿಗೂ ಕಳಿಸಿ ಅಂತ ಇತ್ತು. ಅವಳು ಕೇಳಿದಳು: “ಅಣ್ಣಾ, ಇದನ್ನ ಅಮ್ಮನಿಗೆ ಕಳಿಸ್ಲಾ? ಸಮಾಧಾನ ಆಗುತ್ತೆ.”

ಆ ಚಿತ್ರ ಹೀಲಿಕ್ಸ್ ನೀಹಾರಿಕೆಯದು. ಸುಮಾರು 650 ಬೆಳಕಿನ ವರ್ಷ ದೂರದಲ್ಲಿ, ನಮ್ಮ ಸೂರ್ಯನಂಥ ಒಂದು ನಕ್ಷತ್ರ ತನ್ನ ಆಯುಸ್ಸಿನ ಕೊನೆಯಲ್ಲಿ ಹೊರಗೆಸೆದ ಅನಿಲ. ಮೂರು ಸಾವಿರ ವರ್ಷ ಕಾಯಬೇಕಾಗಿಲ್ಲ. ಪ್ರತಿ ವರ್ಷವೂ ಕುಂಭ ರಾಶಿಯಲ್ಲಿ ಅಲ್ಲೇ ಇರುತ್ತೆ, ಕತ್ತಲೆ ಚೆನ್ನಾಗಿದ್ದರೆ ಸಣ್ಣ ದೂರದರ್ಶಕದಲ್ಲೂ ಮಸುಕಾಗಿ ಕಾಣುತ್ತೆ. 2003ರ ಸುಮಾರಿಗೇ ಈ ಸಂದೇಶ ಇಮೇಲಿನಲ್ಲಿ ಓಡಾಡುತ್ತಿತ್ತು.

ಇದೊಂದೇ ಅಲ್ಲ. 1995ರಲ್ಲಿ ಹಬಲ್ ದೂರದರ್ಶಕ ತೆಗೆದ ಈಗಲ್ ನೀಹಾರಿಕೆಯ ಚಿತ್ರವನ್ನು ಟಿವಿಯಲ್ಲಿ ತೋರಿಸಿದಾಗ, ಅಮೆರಿಕದಲ್ಲಿ ಜನ ಫೋನ್ ಮಾಡಿ ಅದರಲ್ಲಿ ಯೇಸುವಿನ ಮುಖ ಕಾಣ್ತಿದೆ ಅಂದರು. 1888ರಲ್ಲಿ ವಿಲಿಯಮಿನಾ ಫ್ಲೆಮಿಂಗ್ ಎಂಬ ಸಹೋದರಿ ಹಾರ್ವರ್ಡ್ ವೀಕ್ಷಣಾಲಯದ ಗಾಜಿನ ಫಲಕದಲ್ಲಿ ಗುರುತಿಸಿದ ಕಪ್ಪು ಧೂಳಿನ ಮೋಡಕ್ಕೆ ಇವತ್ತು ಕುದುರೆ ತಲೆ ಅಂತ ಹೆಸರು. ಹಿಂದಿನ ಬೆಳಕನ್ನು ಧೂಳು ಅಡ್ಡಗಟ್ಟಿದೆ, ಅಷ್ಟೇ. ಬೇರೆ ದಿಕ್ಕಿನಿಂದ ನೋಡಿದರೆ ಕುದುರೆ ಕಾಣಲ್ಲ. ನಮ್ಮ ಹಿರಿಯರಂತೂ ಚಂದ್ರನ ಕಲೆಯಲ್ಲಿ ಮೊಲ ಕಂಡು ಅವನಿಗೆ ಶಶಾಂಕ ಅಂತಲೇ ಹೆಸರಿಟ್ಟರು. ಆ ಕಲೆ ತಣ್ಣಗಾದ ಲಾವಾ ಬಯಲು.

ಹೀಗೆ ಕಾಣೋದು ಪಾಪವಾ? ಖಂಡಿತ ಇಲ್ಲ. ಹುಟ್ಟಿ ಗಂಟೆಯೂ ಆಗದ ಮಗು ಮುಖದಂತಿರೋ ಚಿತ್ರದ ಕಡೆ ತಲೆ ತಿರುಗಿಸುತ್ತೆ. ಮುಖ ಗುರುತಿಸೋ ಶಕ್ತಿ ದೇವರು ಕೊಟ್ಟ ವರ. ಅದು ಎಷ್ಟು ಚುರುಕು ಅಂದ್ರೆ ಮೋಡದಲ್ಲೂ, ಗೋಡೆಯ ಕಲೆಯಲ್ಲೂ ಮುಖ ಹುಡುಕುತ್ತೆ. ನೋಡಿ ನಗಿ, ಆಶ್ಚರ್ಯಪಡಿ, ದೇವರಿಗೆ ಸ್ತೋತ್ರ ಹೇಳಿ. ಆದರೆ ನನ್ನ ಕಣ್ಣು ಕಟ್ಟಿದ ರೂಪವನ್ನು “ದೇವರೇ ಕಳಿಸಿದ್ದು” ಅಂತ ಇನ್ನೊಬ್ಬರಿಗೆ ಹೇಳಿದ ಕ್ಷಣ ಅದು ಸಾಕ್ಷಿ ಆಗುತ್ತೆ. ಸುಳ್ಳು ಸಾಕ್ಷಿಯ ಬಗ್ಗೆ ಹತ್ತು ಆಜ್ಞೆಗಳಲ್ಲಿ ಏನಿದೆ ಅಂತ ನಿಮಗೆ ಗೊತ್ತು. ಫಾರ್ವರ್ಡ್ ಬಟನ್ನಿಗೆ ಅದರಲ್ಲಿ ವಿನಾಯಿತಿ ಇಲ್ಲ.

“ಪಾಸ್ಟರ್, ಒಂದು ನೊಂದ ಜೀವಕ್ಕೆ ಸಮಾಧಾನ ಸಿಕ್ಕರೆ ಏನು ನಷ್ಟ?” ಅಂತ ಕೇಳಬಹುದು. ಒಳ್ಳೆ ಪ್ರಶ್ನೆ. ನಷ್ಟ ಇದೆ. ನಾಳೆ ಯಾರೋ ಆ ತಾಯಿಗೆ “ಅದು ಸಾಯ್ತಿರೋ ನಕ್ಷತ್ರದ ಹೊಗೆ” ಅಂದಾಗ ಚಿತ್ರ ಮಾತ್ರ ಬೀಳಲ್ಲ. ಅದಕ್ಕೆ ನೇತುಹಾಕಿದ ಭರವಸೆಯೂ ಬೀಳುತ್ತೆ. ಇವರು ಹೇಳಿದ ಬೇರೆ ಮಾತೂ ಹೀಗೇನಾ ಅಂತ ಅನುಮಾನ ಬರುತ್ತೆ. ನಿಜವೇ ದೊಡ್ಡದಾಗಿರುವಾಗ ಸುಳ್ಳು ಯಾಕೆ ಬೇಕು? ಇವತ್ತು ನಾವು ನೋಡೋ ಹೀಲಿಕ್ಸ್ ಬೆಳಕು ಹೊರಟಾಗ ವಿಜಯನಗರದ ಅರಸರು ಆಳುತ್ತಿದ್ದರು. ಸೃಷ್ಟಿಕರ್ತನನ್ನು ಸ್ತುತಿಸೋಕೆ ಅಷ್ಟು ಸಾಲದಾ?

ನಾನು ಆ ತಂಗಿಗೆ ಹೇಳಿದೆ: “ಚಿತ್ರ ಬೇಡಮ್ಮ. ರಾತ್ರಿ ಬಸ್ಸು ಹತ್ತು. ಅಮ್ಮ ನೋಡಬೇಕಾದ ಮುಖ ನಿನ್ನದು.”

ಈಗ ಮತ್ತಾಯ 25ನೇ ಅಧ್ಯಾಯ ಯೋಚಿಸಿ. ತನ್ನನ್ನು ಎಲ್ಲಿ ಕಾಣಬೇಕು ಅಂತ ಯೇಸು ಸ್ವಾಮಿ ಅಲ್ಲಿ ವಿಳಾಸವನ್ನೇ ಕೊಟ್ಟಿದ್ದಾರೆ. ಹಸಿದವನಲ್ಲಿ, ಬಟ್ಟೆ ಇಲ್ಲದವನಲ್ಲಿ, ರೋಗಿಯಲ್ಲಿ, ಸೆರೆಯಲ್ಲಿರುವವನಲ್ಲಿ, ಗುರುತಿಲ್ಲದ ಪರದೇಶಿಯಲ್ಲಿ. ಆ ಪಟ್ಟಿಯಲ್ಲಿ ನೀಹಾರಿಕೆ ಇಲ್ಲ. ಆ ಕಥೆಯಲ್ಲಿ ಎಡಗಡೆ ನಿಂತವರ ತಪ್ಪು ಏನು? ಪಕ್ಕದಲ್ಲೇ ಇದ್ದ ಮುಖವನ್ನು ಅವರು ಗುರುತಿಸಲಿಲ್ಲ.

ನಮಗೂ ಅದೇ ಅಪಾಯ ಇದೆ. ಸಾವಿರಾರು ಬೆಳಕಿನ ವರ್ಷ ದೂರದ ಧೂಳಿನಲ್ಲಿ ಕರ್ತನ ಮುಖ ಗುರುತಿಸ್ತೀವಿ. ಊಟ ತಂದುಕೊಟ್ಟ ಡೆಲಿವರಿ ಹುಡುಗನ ಮುಖ, ಪಿಜಿಯ ಮೆಟ್ಟಿಲು ಒರೆಸೋ ಅಕ್ಕನ ಮುಖ ನೆನಪಿದೆಯಾ? ಈ ವಾರ ಅಂಥ ಒಬ್ಬರ ಮುಖ ನೋಡಿ, ಹೆಸರು ಕೇಳಿ, ಊಟ ಆಯ್ತಾ ಅಂತ ವಿಚಾರಿಸಿ. ಕರ್ತನು ನಿಮ್ಮ ಕಣ್ಣುಗಳನ್ನು ಆಶೀರ್ವದಿಸಲಿ. ಆಮೆನ್.